ಆಸ್ಪತ್ರೆ ಸ್ಟಾಪಿನ ಕಂಡಕ್ಟರ್

ಕಂಡಕ್ಟರ್ ಕೂತಿದ್ದನ್ನು ನಾನು ನೋಡಿದ್ದು ಕಡಿಮೆ. ನಮ್ಮ ಕಚೇರಿಗೆ ಬಂದರೆ ಬಾಗಿಲ ಚೌಕಟ್ಟಿಗೆ ಬೆನ್ನು ಆನಿಸಿ, ಕಾಲು ಅಗಲಿಸಿ ನಿಲ್ಲುತ್ತಿದ್ದರು. ಕಟ್ಟಡಕ್ಕೇ ಯಾರೋ ಬ್ರೇಕ್ ಹಾಕಿಬಿಟ್ಟಾರು ಎಂಬ ಎಚ್ಚರ. ಜೀವಮಾನವೆಲ್ಲ ಓಡುವ ಬಸ್ಸಿನಲ್ಲಿ ನಿಂತು ಟಿಕೆಟ್ ಹರಿದ ಮನುಷ್ಯ. ನೆಲ ಸುಮ್ಮನೆ ಇದ್ದಲ್ಲೇ ಇರುತ್ತದೆ ಎಂದು ಅವರ ಕಾಲಿಗೆ ನಿವೃತ್ತಿಯಾದ ಮೇಲೂ ನಂಬಿಕೆ ಬಂದಿರಲಿಲ್ಲ.

ನಮ್ಮದು ದೇಶ ಬಿಟ್ಟು ಓಡಿಬಂದವರಿಗೆ ಇಲ್ಲಿ ನೆಲೆ ಮಾಡಿಕೊಡುವ ಕಚೇರಿ. ಎರಡು ಕೋಣೆ, ಒಂದು ಸೋರುವ ನಲ್ಲಿ. ನನ್ನ ಕೆಲಸ ಫೋನಿನದು. ಮನೆ ಮಾಲೀಕರಿಗೆ, ಶಾಲೆಗೆ, ಡಾಕ್ಟರಿಗೆ ಫೋನ್ ಮಾಡಿ ‘ಇಲ್ಲ’ ಎಂದವರ ಬಾಯಲ್ಲಿ ‘ನೋಡೋಣ’ ಅನ್ನಿಸುವುದು, ‘ನೋಡೋಣ’ ಎಂದವರ ಬಾಯಲ್ಲಿ ‘ಆಯ್ತು ಕಳಿಸಿ’ ಅನ್ನಿಸುವುದು. ಕಂಡಕ್ಟರ್ ನನಗೆ ಫೋನಮ್ಮ ಎಂದು ಹೆಸರಿಟ್ಟಿದ್ದರು. ಅವರ ಕೆಲಸ, ಬಂದವರಿಗೆ ಬಸ್ಸು ಕಲಿಸುವುದು.

ಬಸ್ಸು ಕಲಿಯುವುದೇನು ಮಹಾ ಎನ್ನುವವರು ಭಾಷೆ ಗೊತ್ತಿಲ್ಲದ ಊರಿನಲ್ಲಿ, ಬೋರ್ಡು ಓದಲಾಗದೆ, ಕೈಯಲ್ಲಿ ಮಗು ಹಿಡಿದು ಒಮ್ಮೆ ಹತ್ತಿ ನೋಡಬೇಕು. ಕಂಡಕ್ಟರ್ ಅದಕ್ಕೆ ತಮ್ಮದೇ ಪದ್ಧತಿ ಮಾಡಿಕೊಂಡಿದ್ದರು. ಮೊದಲ ಸಲ ಪಕ್ಕದಲ್ಲಿ ಕೂತು ಕರೆದುಕೊಂಡು ಹೋಗುವುದು. ಎರಡನೆಯ ಸಲ ಅದೇ ಬಸ್ಸಿನಲ್ಲಿ ಹಿಂದೆ ಎಲ್ಲೋ, ಗುರುತೇ ಇಲ್ಲದವರಂತೆ ಕೂರುವುದು. ತಿರುಗಿ ನೋಡಿದರೆ ಇವರು ಕಿಟಕಿಯಾಚೆ ನೋಡುತ್ತಿರುತ್ತಾರೆ. ಮೂರನೆಯ ಸಲ ಬಸ್ಸಿಗೆ ಹತ್ತುವುದೇ ಇಲ್ಲ, ಇಳಿಯುವ ಸ್ಟಾಪಿನಲ್ಲಿ ಮೊದಲೇ ಹೋಗಿ ನಿಂತಿರುತ್ತಾರೆ. ಸರಿಯಾಗಿ ಇಳಿದರೋ, ಒಂದು ನಗೆ ನಕ್ಕು "ರೈಟ್ ರೈಟ್" ಎಂದು ಕೈಬೀಸಿ ತಮ್ಮ ದಾರಿ ಹಿಡಿಯುವುದು. ಅಲ್ಲಿಗೆ ಸಂಬಂಧ ಮುಗಿಯಿತು. ಹತ್ತಿದ ಏಣಿಯನ್ನು ಒದೆಯಬಾರದು ಎನ್ನುತ್ತಾರೆ ಲೋಕದಲ್ಲಿ. ನಮ್ಮ ಕಚೇರಿಯಲ್ಲಿ ಒದೆಯುವುದನ್ನು ಕಲಿಸುವುದೇ ಉದ್ಯೋಗ. ಚೆನ್ನಾಗಿ ಒದ್ದರೆ ನಾವು ಚೆನ್ನಾಗಿ ಕೆಲಸ ಮಾಡಿದ್ದೇವೆ ಎಂದರ್ಥ.

ಕಂಡಕ್ಟರ್ ಮದುವೆಯಾದವರಲ್ಲ. ಅಕ್ಕನ ಜೊತೆ ಇದ್ದರು. ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಅಕ್ಕ ತಮ್ಮ ಇಬ್ಬರೂ ಹಾವು ಮುಂಗುಸಿಯ ಹಾಗೆ ಕಚ್ಚಾಡಿಕೊಂಡು, ಒಬ್ಬರನ್ನು ಬಿಟ್ಟು ಒಬ್ಬರು ಊಟ ಮಾಡದೆ ಬದುಕಿದವರು. ಇವರು ನಿದ್ದೆಯಲ್ಲಿ ಸ್ಟಾಪುಗಳ ಹೆಸರು ಕೂಗುತ್ತಿದ್ದರಂತೆ. "ಇಳಿಯೋರೆಲ್ಲ ಇಳಿದಾಯ್ತು, ಮಲಕ್ಕೊಳೋ," ಎಂದು ಅಕ್ಕ ಕತ್ತಲಲ್ಲೇ ಗದರುತ್ತಿದ್ದರಂತೆ. ಆಕೆ ತೀರಿಕೊಂಡ ಮೇಲೆ ಗದರುವವರಿಲ್ಲ. ಇದನ್ನು ಅವರು ನಗುತ್ತಲೇ ಹೇಳಿದ್ದರು, ನಾನೂ ನಕ್ಕಿದ್ದೆ.

ಅಜ್ಜಿಯ ಕುಟುಂಬ ಬಂದದ್ದು ಅದಾದ ಮೇಲೆ. ಅಜ್ಜಿ, ಅವರ ಮಗ, ಸೊಸೆ. ಅಜ್ಜಿಯ ಗಂಡ ಅಲ್ಲೇ, ಬಿಟ್ಟು ಬಂದ ಊರಿನಲ್ಲೇ ತೀರಿಹೋಗಿದ್ದರು. ಮಗನ ತಲೆಗೆ ಏಟು ಬಿದ್ದಿತ್ತು. ದೇಹ ಬಂದಿತ್ತು, ಮಾತು ಬಂದಿರಲಿಲ್ಲ. ಇಳಿದ ಕೆಲವೇ ದಿನದಲ್ಲಿ ಅವನನ್ನು ದೊಡ್ಡಾಸ್ಪತ್ರೆಗೆ ಸೇರಿಸಿದರು. ಸೊಸೆಗೆ ನಾನೇ ಬ್ರೆಡ್ಡು ಬೇಯಿಸುವ ಕಾರ್ಖಾನೆಯಲ್ಲಿ ಕೆಲಸ ಕೊಡಿಸಿದೆ. ಚುರುಕಿನ ಹುಡುಗಿ, ನಮ್ಮ ಮಾತನ್ನು ಬೇಗ ಕಲಿತಳು. ಕೆಲಸ ಬೆಳಗಿನಿಂದ ಸಂಜೆಯವರೆಗೆ.

ಮಗ ತಾಯಿಯ ಕೈಯಿಂದಲ್ಲದೆ ಊಟ ಮಾಡುತ್ತಿರಲಿಲ್ಲ. ಸಿಸ್ಟರುಗಳು ಚಮಚ ಹಿಡಿದು ಬಂದರೆ ತುಟಿ ಬಿಗಿದು ಗೋಡೆಯ ಕಡೆ ತಿರುಗುತ್ತಿದ್ದ. ಹೆಂಡತಿ ಕೊಟ್ಟರೂ ಅಷ್ಟೆ. ಅಜ್ಜಿ ಬಂದು ಪಕ್ಕದಲ್ಲಿ ಕೂತು, ಕಲೆಸಿ, ಬೆರಳಲ್ಲಿ ತುತ್ತು ಮಾಡಿ ತುಟಿಗೆ ಮುಟ್ಟಿಸಿದರೆ ಮಾತ್ರ ಬಾಯಿ ತೆರೆಯುತ್ತಿತ್ತು. ಅದೂ ಮಧ್ಯಾಹ್ನದ ಊಟದ ಹೊತ್ತಿಗೇ ಆಗಬೇಕು. ಆಮೇಲೆ ಔಷಧಿಯ ಮಂಪರು, ಹೊರಗಿನವರಿಗೆ ಪ್ರವೇಶವಿಲ್ಲ. "ಹೀಗೆ ಒಂದಿನ ತಿಂದು ಒಂದಿನ ಬಿಟ್ರೆ ಆಗಲ್ಲ. ಮೂಗಲ್ಲಿ ನಳಿಕೆ ಹಾಕಿ ದೂರದ ಆಸ್ಪತ್ರೆಗೆ ಕಳಿಸ್ಬೇಕಾಗುತ್ತೆ. ಅಲ್ಲಿಗೆ ಹೋದೋರು ಬಾಯಲ್ಲಿ ತಿನ್ನೋದನ್ನೇ ಮರೀತಾರೆ," ಎಂದು ವಾರ್ಡಿನ ಹಿರಿಯ ಸಿಸ್ಟರ್ ಫೋನಿನಲ್ಲಿ ನನಗೆ ಬಿಚ್ಚಿ ಹೇಳಿದ್ದರು. ಹಾಗಾಗಿ ಅಜ್ಜಿ ದಿನಾ ಮಧ್ಯಾಹ್ನ ಒಬ್ಬರೇ ಬಸ್ಸಿನಲ್ಲಿ ಆಸ್ಪತ್ರೆಗೆ ಹೋಗಬೇಕಿತ್ತು. ಓದು ಬರಹವಿಲ್ಲ, ಇಲ್ಲಿಯ ಒಂದು ಮಾತೂ ಬಾರದು. ಕಂಡಕ್ಟರನ್ನು ಕರೆದು ಒಪ್ಪಿಸಿದೆ.

ಪಕ್ಕದಲ್ಲಿ ಕೂತದ್ದಾಯಿತು, ಹಿಂದೆ ಕೂತದ್ದಾಯಿತು, ಸ್ಟಾಪಿನಲ್ಲಿ ನಿಂತದ್ದಾಯಿತು. ಅಜ್ಜಿ ಊಟದ ಡಬ್ಬಿ ಎದೆಗವಚಿಕೊಂಡು ಸರಿಯಾಗಿ ಇಳಿದರು. "ನಿಮ್ಮಜ್ಜಿ ಪಾಸು, ಫಸ್ಟ್ ಕ್ಲಾಸು," ಎಂದು ಕಂಡಕ್ಟರ್ ಬಂದು ಹೇಳಿದರು. ನಾನು ಆ ಚಿಂತೆಯನ್ನು ಅಲ್ಲಿಗೆ ಬಿಟ್ಟೆ.

ಅವರು ಬಿಟ್ಟಿರಲಿಲ್ಲ. ಮಾರನೆಯ ದಿನವೂ ಮಧ್ಯಾಹ್ನ ಹೋಗಿ ಆಸ್ಪತ್ರೆ ಸ್ಟಾಪಿನಲ್ಲಿ ನಿಂತರು. ಅದರ ಮಾರನೆಯ ದಿನವೂ. ಇಳಿಯುವಾಗ ಅಜ್ಜಿ ಡಬ್ಬಿಯನ್ನು ಎಡಗೈಗೆ ಬದಲಾಯಿಸಿಕೊಂಡು ಬಲಗೈ ಎತ್ತುತ್ತಿದ್ದರಂತೆ. ಇವರೂ ಕೈ ಎತ್ತುವುದು, "ರೈಟ್ ರೈಟ್" ಎನ್ನುವುದು. ಮಾತಿಲ್ಲ, ಕತೆಯಿಲ್ಲ. ಅಜ್ಜಿ ಗೇಟಿನೊಳಗೆ ಹೋಗುತ್ತಿದ್ದರು, ಇವರು ಮುಂದಿನ ಬಸ್ಸು ಹಿಡಿಯುತ್ತಿದ್ದರು. ಹೀಗೆ ತಿಂಗಳುಗಟ್ಟಲೆ ನಡೆದಿದೆ. ನನಗೆ ಒಂದು ಮಾತು ಹೇಳಿಲ್ಲ, ಆಸಾಮಿ.

ಆಮೇಲೆ ಒಂದು ಮಧ್ಯಾಹ್ನ ಬಸ್ ಡಿಪೋದಿಂದ ಫೋನ್ ಬಂತು. ಯಾರೋ ಮುದುಕಿ ಕೊನೆಯ ಸ್ಟಾಪಿನವರೆಗೂ ಬಂದು ಕೂತಿದ್ದಾರೆ, ಇಳಿಯುತ್ತಿಲ್ಲ, ಕತ್ತಿನಲ್ಲಿ ನಿಮ್ಮ ಕಚೇರಿಯ ಚೀಟಿ ಇದೆ ಎಂದರು. ನಾನು ಸೊಸೆಯನ್ನು ಕಾರ್ಖಾನೆಯಿಂದ ಕರೆಸಿಕೊಂಡು ಓಡಿದೆ. ಖಾಲಿ ಬಸ್ಸಿನೊಳಗೆ ಅಜ್ಜಿ ಒಬ್ಬರೇ ಕೂತಿದ್ದರು. ಡಬ್ಬಿ ಮಡಿಲಲ್ಲಿತ್ತು. ಅಳುತ್ತಿರಲಿಲ್ಲ, ಸಿಟ್ಟಾಗಿದ್ದರು.

"ಏನಂತೆ? ಯಾಕೆ ಇಳೀಲಿಲ್ವಂತೆ?" ಎಂದು ಕೇಳಿದೆ.

ಸೊಸೆ ಕೇಳಿ, ಕೇಳಿದ್ದು ತನಗೇ ಅರ್ಥವಾಗದವಳಂತೆ ನನ್ನ ಕಡೆ ತಿರುಗಿದಳು. "ಅಕ್ಕಾ, ಸ್ಟಾಪ್ ಬರಲೇ ಇಲ್ವಂತೆ."

"ಬರದೇ ಎಲ್ಲಿಗೆ ಹೋಗುತ್ತೆ ಸ್ಟಾಪು?"

ಅವರಿಬ್ಬರೂ ಮತ್ತೆ ಮಾತಾಡಿಕೊಂಡರು. ಅಜ್ಜಿ ಕೈಯನ್ನು ತಲೆಯ ಎತ್ತರಕ್ಕೆ ಹಿಡಿದು, ಕಾಲು ಅಗಲಿಸಿ ಕೂತಲ್ಲೇ ನಿಂತವರ ಹಾಗೆ ಮಾಡಿ ತೋರಿಸಿದರು. ನನಗೆ ತಟ್ಟನೆ ತಿಳಿಯಿತು. ದೊಡ್ಡಾಸ್ಪತ್ರೆಯ ಕಾಂಪೌಂಡು ಗೋಡೆ ಬಲು ಉದ್ದ. ಅದರ ಉದ್ದಕ್ಕೂ ಹಲವು ಸ್ಟಾಪುಗಳು, ಎಲ್ಲಕ್ಕೂ ಒಂದೇ ಬಣ್ಣದ ಗೋಡೆ, ಒಂದೇ ತರಹದ ತಗಡಿನ ಚಾವಣಿ. ಅಜ್ಜಿ ಗೋಡೆಯನ್ನೂ ನೋಡಿರಲಿಲ್ಲ, ಗೇಟನ್ನೂ ನೋಡಿರಲಿಲ್ಲ. ಆ ಮನುಷ್ಯ ಎಲ್ಲಿ ನಿಂತಿದ್ದಾನೋ ಅದು ಸ್ಟಾಪು. ಇವತ್ತು ಆ ಮನುಷ್ಯ ಎಲ್ಲೂ ನಿಂತಿರಲಿಲ್ಲ.

ಮಗ ಅಂದು ಉಪವಾಸ. ಮಾರನೆಯ ದಿನವೂ ಕಂಡಕ್ಟರ ಸುಳಿವಿಲ್ಲ, ಫೋನ್ ಎತ್ತುತ್ತಿಲ್ಲ. ದಿನಾ ಕಳಿಸುವಷ್ಟು ಜನ ನಮ್ಮಲ್ಲಿಲ್ಲ, ಅಂದಿನ ಮಟ್ಟಿಗೆ ಅಜ್ಜಿಯ ಜೊತೆ ಬೇರೆಯವರನ್ನು ಕಳಿಸಿ ನಾನು ಇಸ್ತ್ರಿ ಅಂಗಡಿಯ ಮೆಟ್ಟಿಲು ಹತ್ತಿದೆ.

ಬಾಗಿಲು ತೆರೆದೇ ಇತ್ತು. ಜ್ವರದಲ್ಲಿ ಮುದುರಿ ಮಲಗಿದ್ದರು. ಕೆಳಗಿನ ಇಸ್ತ್ರಿಯ ಬಿಸಿ ಹಬೆ ನೆಲದ ಸಂದಿಯಿಂದ ಏಳುತ್ತಿತ್ತು. ಇನ್ನೊಂದು ಗೋಡೆಗೆ ಅಕ್ಕನ ಮಂಚ, ಸುಕ್ಕಿಲ್ಲದ ಹಾಸಿಗೆ, ದಿಂಬಿನ ಪಕ್ಕ ಕನ್ನಡಕ. ಒಲೆಯ ಪಕ್ಕ ತೊಳೆದಿಟ್ಟ ತಟ್ಟೆಗಳು ಎರಡು, ಒಂದರ ಮೇಲೆ ಧೂಳು ಕೂತಿತ್ತು. ಎರಡು ದಿನದಿಂದ ಈ ಮನುಷ್ಯ ಇಲ್ಲಿ ನರಳುತ್ತಿದ್ದರೂ ಕೆಳಗಿನ ಅಂಗಡಿಯವನಿಗೇ ಗೊತ್ತಿರಲಿಲ್ಲ. ಮಾತ್ರೆ ನುಂಗಿಸಿ, ಗಂಜಿ ಕಾಯಿಸಿ ಕುಡಿಸಿ, ಆಮೇಲೆ ಮಂಗಳಾರತಿ ಶುರುಮಾಡಿದೆ. ಜ್ವರ ಬಂದವರನ್ನು ಬಯ್ಯಬಾರದು ಎಂಬ ಸಂಸ್ಕಾರ ನನಗಿಲ್ಲ.

"ಕಂಡಕ್ಟರ್ರೇ, ನೀವು ಅವರಿಗೆ ದಾರಿ ಕಲಿಸಿದ್ರೋ, ನಿಮ್ಮ ಮುಖ ಕಲಿಸಿದ್ರೋ? ಪಾಸಾದ್ರು ಅಂದ್ರಲ್ಲ, ಮತ್ಯಾಕೆ ದಿನಾ ಹೋಗಿ ಕಂಬದ ಹಾಗೆ ನಿಂತ್ಕೊಂಡ್ರಿ?"

ಅವರು ಕಣ್ಣುಮುಚ್ಚಿಕೊಂಡೇ ಕೇಳಿದರು, "ಡಿಪೋವರೆಗೂ ಹೋದ್ರಾ?"

"ಹೋದ್ರು. ಸ್ಟಾಪ್ ಬರಲೇ ಇಲ್ವಂತೆ."

ಕಂಬಳಿಯನ್ನು ಕತ್ತಿನವರೆಗೆ ಎಳೆದುಕೊಂಡರು. "ತಪ್ಪಾಯ್ತು ಫೋನಮ್ಮ," ಎಂದರು ಆಮೇಲೆ. "ಆದ್ರೂ ನೋಡಿ, ಇಡೀ ಊರಲ್ಲಿ ನನ್ನ ಮುಖ ಕಂಡ್ರೆ ಬಸ್ ಇಳಿಯೋರು ಅಂತ ಒಬ್ರಾದ್ರೂ ಇದ್ದಾರಲ್ಲ."

ನನಗೆ ಮೈಯೆಲ್ಲ ಉರಿಯಿತು. ಲೋಟ ತೊಳೆದಿಟ್ಟು ಬಂದೆ.

ಎದ್ದು ಓಡಾಡುವಂತಾದ ಕೂಡಲೇ ಅವರು ಅಜ್ಜಿಗೆ ಮತ್ತೆ ಮೊದಲಿನಿಂದ ಪಾಠ ಹೇಳಿದರು. ಈ ಸಲ ಕಣ್ಣಿಗಲ್ಲ, ಮೈಗೆ. ತಮ್ಮ ಕಾಲದಲ್ಲಿ ಕಿಕ್ಕಿರಿದ ಬಸ್ಸಿನಲ್ಲಿ, ಕಿಟಕಿ ಕಾಣದ ಕಡೆ ನಿಂತು ಸ್ಟಾಪು ಕೂಗುತ್ತಿದ್ದದ್ದು ಹೇಗೋ ಹಾಗೆ. ಅಜ್ಜಿಯ ಪಕ್ಕ ಕೂತು ಕಣ್ಣುಮುಚ್ಚಿ ಎಂದು ಸನ್ನೆ ಮಾಡಿ, ತಾವೂ ಮುಚ್ಚಿಕೊಂಡರು. ಸೇತುವೆ ಬಂದಾಗ ಮುಖಕ್ಕೆ ತಣ್ಣನೆ ಗಾಳಿ, ಅಜ್ಜಿಯ ಮುಂಗೈ ತಟ್ಟುವುದು. ರೈಲ್ವೆ ಹಳಿ ದಾಟುವಾಗ ಕೂತಲ್ಲೇ ದಡಬಡ, ಮತ್ತೆ ತಟ್ಟುವುದು. ಆಮೇಲೆ ದೊಡ್ಡ ತಿರುವು. ಬಸ್ಸಿನಲ್ಲಿದ್ದವರೆಲ್ಲ ಒಂದೇ ಕಡೆ ವಾಲುತ್ತಾರೆ, ಡಬ್ಬಿಯೊಳಗಿನ ಸಾರೂ ವಾಲುತ್ತದೆ. ವಾಲಿದ್ದು ನೆಟ್ಟಗಾದ ಕೂಡಲೇ ಏಳಬೇಕು. "ಏನ್ ಗುರುಗಳೇ, ಇಬ್ರೂ ಜೋಡಿನಿದ್ದೇನಾ?" ಎಂದು ಆ ಬಸ್ಸಿನ ಕಂಡಕ್ಟರ್ ಹುಡುಗ ಚುಡಾಯಿಸಿದನಂತೆ. ಕೊನೆಗೆ ಅಜ್ಜಿಯೇ ಇವರ ಮುಂಗೈ ತಟ್ಟಲು ಶುರುಮಾಡಿದರು, ಅದೂ ಇವರಿಗಿಂತ ಒಂದು ಚೂರು ಮೊದಲು.

"ಈಗ ನಿಜವಾಗಿ ಪಾಸು. ಇನ್ನು ನಾನು ಅಲ್ಲಿ ನಿಲ್ಲಕೂಡದು," ಎಂದರು ಕಂಡಕ್ಟರ್.

ಮೊದಲ ದಿನ ನಾನೂ ಜೊತೆಗೆ ಹೋದೆ. ಇವರನ್ನು ಕಾಯುವವರೂ ಒಬ್ಬರು ಬೇಕಲ್ಲ. ಸ್ಟಾಪಿನ ಎದುರಿನ ಔಷಧಿ ಅಂಗಡಿಯೊಳಗೆ, ಜಾಹೀರಾತಿನ ಬೋರ್ಡಿನ ಹಿಂದೆ ಕಳ್ಳರ ಹಾಗೆ ನಿಂತೆವು. ಬಸ್ಸು ಬಂತು. ಅಜ್ಜಿ ಇಳಿದರು, ಸರಿಯಾದ ಸ್ಟಾಪಿನಲ್ಲೇ. ಕಂಡಕ್ಟರ್ ನನ್ನ ತೋಳು ಹಿಡಿದು ಹಿಸುಕಿಬಿಟ್ಟರು.

ಆದರೆ ಅಜ್ಜಿ ಗೇಟಿನ ಕಡೆ ಹೋಗಲಿಲ್ಲ. ಬಸ್ಸು ಹೋದ ಮೇಲೂ ಅಲ್ಲೇ ನಿಂತರು. ಇವರು ನಿಲ್ಲುತ್ತಿದ್ದ ಜಾಗ ನೋಡಿದರು, ಆ ಕಡೆ ನೋಡಿದರು, ಈ ಕಡೆ ನೋಡಿದರು. ಇನ್ನೊಂದು ಬಸ್ಸು ಬಂತು, ಅದರಿಂದ ಇಳಿದವರ ಮುಖಗಳನ್ನು ಒಂದೊಂದಾಗಿ ನೋಡಿದರು. ಊಟದ ಹೊತ್ತು ಜಾರುತ್ತಿತ್ತು. ಕಂಡಕ್ಟರ ಕಾಲು ತಾನೇ ಮುಂದಕ್ಕೆ ಬಂತು. ನಾನು ಅಂಗಿ ಹಿಡಿದೆಳೆದೆ. ಬಹಳ ಹೊತ್ತಾದ ಮೇಲೆ ಅಜ್ಜಿ ಡಬ್ಬಿಯನ್ನು ಎಡಗೈಗೆ ಬದಲಾಯಿಸಿಕೊಂಡು, ಯಾರೂ ಇಲ್ಲದ ಆ ಜಾಗಕ್ಕೆ ಬಲಗೈ ಎತ್ತಿ ತೋರಿಸಿ, ಒಳಗೆ ಹೋದರು. ಪಕ್ಕದಲ್ಲಿದ್ದ ಮನುಷ್ಯನ ಕಡೆ ನೋಡಲು ನನಗೆ ಧೈರ್ಯ ಬರಲಿಲ್ಲ.

ನಾಲ್ಕು ದಿನದಲ್ಲಿ ಸರಿಹೋಗುತ್ತದೆ ಎಂದುಕೊಂಡೆವು. ಸರಿಹೋಗುವುದರಲ್ಲೂ ಇತ್ತು. ಕಾಯುವುದು ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದೆ ಎಂದು ಸೊಸೆ ಹೇಳಿದಳು. ಅಷ್ಟರಲ್ಲಿ ನಮ್ಮ ಕಂಡಕ್ಟರ್, ಬೇರೆ ಯಾರನ್ನೋ ಬಿಟ್ಟು ಬರುವಾಗ ಆ ದಾರಿಯಲ್ಲಿ ಬಸ್ಸು ಹೋದದ್ದೇ ನೆಪವಾಗಿ, ಇಳಿದು ನಿಂತೇಬಿಟ್ಟರು. ಅಜ್ಜಿ ಅವರನ್ನು ಕಂಡು ಡಬ್ಬಿಯನ್ನು ಸ್ಟಾಪಿನ ಕಲ್ಲಿನ ಮೇಲಿಟ್ಟು, ಎರಡೂ ಕೈಯಲ್ಲಿ ಅವರ ಕೈ ಹಿಡಿದುಕೊಂಡರಂತೆ. ಮಾರನೆಯ ದಿನದಿಂದ ಕಾಯುವುದು ದುಪ್ಪಟ್ಟಾಯಿತು. ಅಜ್ಜಿ ವಾರ್ಡಿಗೆ ಬರುವಷ್ಟರಲ್ಲಿ ಮಗ ಗೋಡೆಯ ಕಡೆ ತಿರುಗಿ ನಿದ್ದೆಗೆ ಬಿದ್ದಿರುತ್ತಿದ್ದ.

"ನಾಯಿ ಬಾಲ ಡೊಂಕು ಅಂತಾರಲ್ಲ, ಅದು ನೀವೇ," ಎಂದು ನಾನು ಬಾಯಿಗೆ ಬಂದದ್ದು ಅಂದೆ. ಅವರು ತಲೆ ತಗ್ಗಿಸಿ ಅನ್ನಿಸಿಕೊಂಡರು.

ಹಿರಿಯ ಸಿಸ್ಟರ್ ಫೋನ್ ಮಾಡಿದರು. "ಈ ವಾರ ನೋಡ್ತೀವಿ. ತೂಕ ಇಳೀತಾ ಇದೆ. ಸೋಮವಾರ ಡಾಕ್ಟರ್ ಬಂದಾಗ ಹೀಗೇ ಇದ್ರೆ ನಳಿಕೆ ಹಾಕಿ ಕಳಿಸಿಬಿಡ್ತಾರೆ. ನನ್ ಕೈಲಿ ಇನ್ನೇನೂ ಇಲ್ಲಮ್ಮ."

ಆ ದಿನವೇ ಸೊಸೆ, ತೋಳಿಗಂಟಿದ ಹಿಟ್ಟನ್ನೂ ಒರೆಸಿಕೊಳ್ಳದೆ ಕಚೇರಿಗೆ ಬಂದಳು. ಕಂಡಕ್ಟರ್ ಬಾಗಿಲಲ್ಲೇ ಇದ್ದರು. ಅವಳು ಅವರನ್ನೇ ನೋಡುತ್ತ ಹೇಳಿದಳು.

"ಮಾಮ, ಅತ್ತೆ ಒಂದು ಮಾತು ಕೇಳ್ತಿದ್ದಾರೆ. ನಾನು ಇನ್ನೂ ಉತ್ತರ ಕೊಟ್ಟಿಲ್ಲ."

"ಏನು ತಾಯಿ?"

"ನೀವು ಸತ್ತುಹೋದ್ರಾ ಅಂತ."

ನನಗೆ ನಗು ಬಂದು ನಿಂತುಹೋಯಿತು. ಅವಳು ನಗುತ್ತಿರಲಿಲ್ಲ.

"ಮಾಮನಿಗೆ ಬೇರೆ ಕಡೆ ಕೆಲಸ ಬಿದ್ದಿದೆ, ಅದಕ್ಕೇ ಬರ್ತಿಲ್ಲ ಅಂತ ಹೇಳಿದ್ದೆ. ನಮ್ಮ ಮಾವ ಹೋದಾಗಲೂ ನಾವು ಅತ್ತೆಗೆ ಹಾಗೇ ಹೇಳಿದ್ವಿ. ಬೇರೆ ಕಡೆ ಕೆಲಸಕ್ಕೆ ಹೋಗಿದ್ದಾರೆ, ಬರ್ತಾರೆ ಅಂತ. ದಾರಿಯುದ್ದಕ್ಕೂ ಅದನ್ನೇ ಹೇಳ್ಕೊಂಡು ಬಂದ್ವಿ. ಅತ್ತೆ ಪ್ರತಿಯೊಂದು ಊರಲ್ಲೂ ಕಾದ್ರು. ನಿಜ ಹೇಳಿದ ಮೇಲೆ ಕಾಯೋದು ಬಿಟ್ರು. ಈಗ ನನ್ನ ಮಾತು ನಂಬ್ತಿಲ್ಲ. ಸತ್ತಿದ್ರೆ ಸತ್ತ ಅಂತ ಹೇಳು, ಇನ್ನೊಂದ್ಸಲ ನನ್ನನ್ನ ನಿಲ್ಲಿಸ್ಬೇಡ ಅಂತ ಬೈತಾರೆ."

"ಅಷ್ಟೇ ತಾನೆ?" ಎಂದೆ ನಾನು. "ಕಂಡಕ್ಟರ್ರೇ, ಇವತ್ತು ಸಂಜೆ ಅವರ ಮನೆಗೆ ಹೋಗಿ, ಇದೋ ಗುಂಡುಕಲ್ಲಿನ ಹಾಗಿದ್ದೀನಿ ನೋಡಿ, ಆದ್ರೆ ಸ್ಟಾಪಿಗೆ ಬರಲ್ಲ, ಕಾಯ್ಬೇಡಿ ಅಂತ ಹೇಳಿ ಬನ್ನಿ. ಇವಳು ಅವರ ಭಾಷೇಲಿ ಹೇಳ್ತಾಳೆ."

ಅವರು ತಲೆಯಾಡಿಸಲಿಲ್ಲ.

"ಹೋದ್ರೆ ಅವರು ಒಪ್ತಾರೆ ಫೋನಮ್ಮ. ತಿಳಿದೋರು. ಅವರನ್ನ ನಂಬಬಹುದು, ನನ್ನ ಕಾಲನ್ನ ನಂಬೋಕಾಗಲ್ಲ. ಮೊನ್ನೆ ನೋಡಿದ್ರಲ್ಲ. ನಾನು ಬದುಕಿದ್ದೀನಿ ಅಂತ ಅವರಿಗೆ ಗೊತ್ತಿರೋ ತನಕ ಒಂದಲ್ಲ ಒಂದು ಮಧ್ಯಾಹ್ನ ಹೋಗಿ ನಿಂತೇ ನಿಲ್ತೀನಿ." ಸೊಸೆಯ ಕಡೆ ತಿರುಗಿದರು. "ಹೌದು ಅಂತ ಹೇಳಿಬಿಡು ತಾಯಿ. ಜ್ವರ ಬಂದು ಹೋದ ಅಂತ. ಜ್ವರ ಬಂದಿದ್ದಂತೂ ಸುಳ್ಳಲ್ಲ. ಸತ್ತೋನು ಅಂತ ಆದ ಮೇಲೆ ಯಾವ ಮುಖ ಇಟ್ಕೊಂಡು ಹೋಗಿ ನಿಂತ್ಕೊಳ್ಳಲಿ?"

"ಬಿಡ್ತು ಅನ್ನಿ!" ಎಂದು ನಾನು ಕಿರುಚಿದೆ. "ಎಷ್ಟು ಸಾವು ನೋಡಿರೋ ಹೆಂಗಸು ಅದು! ಅದರ ಮೇಲೆ ಇದೊಂದು ಸುಳ್ಳು ಸಾವು ಬೇರೆ ಹೊರಿಸ್ತೀರಾ?"

"ಸೋಮವಾರಕ್ಕೆ ಎಷ್ಟು ದಿನ ಇದೆ, ಹೇಳಿ," ಎಂದರು ಅವರು, ಮೆತ್ತಗೆ.

ನಾನು ಬೆರಳು ಮಡಿಸಿ ಎಣಿಸಿದೆ. ಸೊಸೆ ನಮ್ಮಿಬ್ಬರ ನಡುವಿನ ನೆಲ ನೋಡುತ್ತಲೇ ಹೊರಟುಹೋದಳು. ಕಂಡಕ್ಟರ್ ಅವತ್ತಿನಿಂದ ಆಸ್ಪತ್ರೆಯ ಕಡೆಯ ಬಸ್ಸನ್ನೇ ಬಿಟ್ಟರು. ಅಲ್ಲಿಗೆ ಯಾರನ್ನಾದರೂ ಕರೆದೊಯ್ಯಬೇಕಾದರೆ ಬೇರೆಯವರನ್ನು ಕಳಿಸಿ ಎಂದರು. ಮಧ್ಯಾಹ್ನ ಕಚೇರಿಗೆ ಬಂದು ನಿಲ್ಲುತ್ತಿದ್ದರು. ಒಂದು ಹೊತ್ತಿನಲ್ಲಿ ಅವರ ಮೈ ಸ್ವಲ್ಪ ಒಂದು ಕಡೆ ವಾಲಿ ನೆಟ್ಟಗಾಗುತ್ತಿತ್ತು, ಬಸ್ಸು ತಿರುವಿನಲ್ಲಿ ಹೋದ ಹಾಗೆ. "ಇಳಿದಿರ್ತಾರೆ," ಎನ್ನುತ್ತಿದ್ದರು. "ಇಳಿದಿರ್ತಾರೆ," ಎನ್ನುತ್ತಿದ್ದೆ ನಾನೂ. ಬಯ್ಯುವ ಉತ್ಸಾಹವೇ ಹೋಗಿತ್ತು.

ಸೋಮವಾರ ಕಳೆಯಿತು. ಮಾರನೆಯ ದಿನ ಸೊಸೆ ಬಂದಳು. ಈ ಸಲ ತೋಳು ತೊಳೆದುಕೊಂಡು ಬಂದಿದ್ದಳು.

"ನಳಿಕೆ ಹಾಕಲ್ವಂತೆ ಅಕ್ಕಾ. ಅತ್ತೆ ಈಗ ಸ್ಟಾಪಲ್ಲಿ ನಿಲ್ಲಲ್ಲ. ಇಳಿದವರು ಸೀದಾ ಒಳಗೆ ಹೋಗ್ತಾರೆ. ನಮ್ಮನೆಯವರು ಐದು ದಿನದಿಂದ ಪೂರ್ತಿ ಊಟ ಮಾಡ್ತಿದ್ದಾರೆ. ಸಿಸ್ಟರ್ ಚಮಚದಲ್ಲಿ ಕೊಟ್ಟಿದ್ದನ್ನೂ ನಿನ್ನೆ ಒಂದ್ಸಲ ನುಂಗಿದ್ರು."

"ದೇವರು ದೊಡ್ಡವನು," ಎಂದೆ ನಾನು. ದೇವರನ್ನು ನಾನು ಕರೆಯುವುದು ಅಪರೂಪ.

ಕಂಡಕ್ಟರ್ ಚೌಕಟ್ಟಿಗೆ ಒರಗಿ ಎಲ್ಲ ಕೇಳಿಸಿಕೊಂಡರು. "ಒಳ್ಳೇದಾಯ್ತು ತಾಯಿ, ಬಹಳ ಒಳ್ಳೇದಾಯ್ತು," ಎಂದರು. ಅವಳು ಹೊರಡಲೆಂದು ಬಾಗಿಲಿಗೆ ಬಂದಾಗ ದಾರಿ ಬಿಟ್ಟರು, ಬಿಟ್ಟವರು ಮತ್ತೆ ತಡೆದರು.

"ಹೇಳಿದ್ಯಲ್ಲ, ನನ್ನ ವಿಷಯ... ಅತ್ರಾ?"

"ಅತ್ರು ಮಾಮ."

ಅವರು ಕತ್ತು ಕೆರೆದುಕೊಂಡರು. ನನ್ನ ಕಡೆ ಬೆನ್ನು ಮಾಡಿ, ದನಿ ತಗ್ಗಿಸಿ ಕೇಳಿದರು, "ತುಂಬಾ ಹೊತ್ತಾ?"

ಸೊಸೆ ಅವರ ಭುಜದ ಮೇಲಿಂದ ನನ್ನನ್ನು ನೋಡಿದಳು.

"ಮಾವ ಹೋದ ಸುದ್ದಿ ಹೇಳಿದಾಗ ಅತ್ತಷ್ಟೇ ಹೊತ್ತು," ಎಂದಳು. "ಆಗ ಬೈದಿದ್ದ ಹಾಗೇ ನಿಮ್ಮನ್ನೂ ಬೈದ್ರು. ಒಂದು ಮಾತು ಹೇಳದೆ ಹೋದ ಅಂತ. ಊಟ ಮುಟ್ಟಲಿಲ್ಲ."

"ಅಷ್ಟೊಂದಾ!" ಎಂದರು ಕಂಡಕ್ಟರ್, ಇತ್ತ ತಿರುಗುತ್ತ. ಆ ಮುಖದಲ್ಲಿದ್ದ ಸಂತೋಷವನ್ನು ನನ್ನಿಂದ ನೋಡಲಾಗಲಿಲ್ಲ. ಗಂಟೆ ಬಾರಿಸದ ಫೋನನ್ನು ಎತ್ತಿ ಕಿವಿಗಿಟ್ಟುಕೊಂಡು, ಗೋಡೆಯ ಕಡೆ ತಿರುಗಿ ಕೂತೆ.